ಸೆರೆಮನೆಯಲ್ಲಿ ಬಣ್ಣ ಹಚ್ಚಿದವರು

1957ರ ನವೆಂಬರ್ 19. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಅಂದು ನಾಟಕ. ನೋಡಲು ಕುಳಿತವರು ಸುಮಾರು 1,400 ಕೈದಿಗಳು. ಆಡುವವರು ಸ್ಯಾನ್‌ಫ್ರಾನ್ಸಿಸ್ಕೋದ ‘ಆಕ್ಟರ್ಸ್ ವರ್ಕ್‌ಶಾಪ್’ ತಂಡದವರು. ನಾಟಕ, ಸ್ಯಾಮ್ಯುಯೆಲ್ ಬೆಕೆಟ್ ಬರೆದ ‘ವೇಯ್ಟಿಂಗ್ ಫಾರ್ ಗೋಡೋ’. ಇಬ್ಬರು ಅಲೆಮಾರಿಗಳು ಗೋಡೋ ಎಂಬುವನಿಗಾಗಿ ಕಾಯುತ್ತಾರೆ. ಅವನು ಬರುವುದಿಲ್ಲ. ಮರುದಿನವೂ ಕಾಯುತ್ತಾರೆ. ಕಥೆ ಇಷ್ಟೇ. ಸ್ತ್ರೀಪಾತ್ರಗಳಿಲ್ಲ ಎಂಬುದೇ ಈ ನಾಟಕವನ್ನು ಆರಿಸಲು ಮುಖ್ಯ ಕಾರಣವಾಗಿತ್ತು!

ದೊಡ್ಡ ನಗರಗಳ ವಿದ್ಯಾವಂತ ಪ್ರೇಕ್ಷಕರನ್ನೇ ಗೊಂದಲಕ್ಕೆ ಕೆಡವಿದ್ದ ನಾಟಕವಿದು. ಕೈದಿಗಳು ಸಹಿಸಿಕೊಂಡಾರೆಯೇ ಎಂಬ ಅಳುಕು ನಟರಿಗಿತ್ತು. ಆದರೆ ಕೈದಿಗಳು ಕೊನೆಯವರೆಗೂ ನಾಟಕದಲ್ಲಿ ಮುಳುಗಿಹೋದರು. ಕಾಯುವುದೆಂದರೇನು ಎಂದು ಅವರಿಗೆ ಯಾರೂ ಟಿಪ್ಪಣಿ ಬರೆದುಕೊಡಬೇಕಾಗಿರಲಿಲ್ಲ.

ರಿಕ್ ಕ್ಲಚಿ ಎಂಬ ಯುವಕನಿಗೆ ಅಂದು ನಾಟಕ ನೋಡಲು ಅನುಮತಿ ಸಿಗಲಿಲ್ಲ. ಅಪಹರಣ ಮತ್ತು ದರೋಡೆಗಾಗಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ಆತ ತನ್ನ ಕೋಣೆಯಲ್ಲೇ ಕುಳಿತು ಧ್ವನಿವರ್ಧಕದಲ್ಲಿ ಮಾತುಗಳನ್ನು ಕೇಳಿಸಿಕೊಂಡ. ಅದುವರೆಗೆ ಕಳ್ಳತನ ಮಾಡುವುದಕ್ಕೂ ತಾನು ನಾಟಕಮಂದಿರದ ಒಳಗೆ ಕಾಲಿಟ್ಟಿರಲಿಲ್ಲವೆಂದು ಆತ ಮುಂದೆ ತಮಾಷೆ ಮಾಡುತ್ತಿದ್ದ. ಆತನೂ ಜೊತೆಗಾರರೂ ಸೇರಿ ಸೆರೆಮನೆಯಲ್ಲೇ ನಾಟಕ ತಂಡ ಕಟ್ಟಿದರು. ‘ಆಕ್ಟರ್ಸ್ ವರ್ಕ್‌ಶಾಪ್’ನ ಅಲನ್ ಮ್ಯಾಂಡೆಲ್ ಒಳಗೆ ಬಂದು ಕಲಿಸಿದರು. ಹಿಂದೆ ಗಲ್ಲಿಗೇರಿಸುತ್ತಿದ್ದ ಕೋಣೆಯೇ ಪುಟ್ಟ ರಂಗಮಂದಿರವಾಯಿತು. ಕ್ಲಚಿ ‘ದ ಕೇಜ್’ ಎಂಬ ನಾಟಕವನ್ನೂ ಬರೆದ. 1966ರಲ್ಲಿ ಆತನಿಗೆ ಬಿಡುಗಡೆ ದೊರೆಯಿತು. 1977ರಲ್ಲಿ ಬರ್ಲಿನ್‌ನಲ್ಲಿ ‘ಕ್ರಾಪ್ಸ್ ಲಾಸ್ಟ್ ಟೇಪ್’ ನಾಟಕಕ್ಕೆ ಆತನನ್ನು ನಿರ್ದೇಶಿಸಿದವರು ಬೇರೆ ಯಾರೂ ಅಲ್ಲ, ಸ್ವತಃ ಬೆಕೆಟ್!

ಇದು ದೂರದ ದೇಶದ ಕಥೆ ಮಾತ್ರವಲ್ಲ. ಕರ್ನಾಟಕದಲ್ಲೂ 1990ರ ದಶಕದ ಕೊನೆಯ ಹೊತ್ತಿಗೆ ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಗೆ ನಾಟಕ ಕಲಿಸತೊಡಗಿದರು. ಗಿರೀಶ ಕಾರ್ನಾಡರ ‘ತಲೆದಂಡ’ವನ್ನೂ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಧರಿಸಿ ಎಚ್.ಎಸ್. ಶಿವಪ್ರಕಾಶ್ ಬರೆದ ‘ಮಾರನಾಯಕ’ನನ್ನೂ ಕೈದಿಗಳು ಆಡಿದರು. ಮ್ಯಾಕ್‌ಬೆತ್ ಅಧಿಕಾರದ ಆಸೆಗೆ ಕೊಲೆ ಮಾಡಿ, ನಿದ್ದೆ ನೆಮ್ಮದಿ ಕಳೆದುಕೊಂಡವನ ಕಥೆ. ಅಂಥ ಕಥೆಯನ್ನು ಸೆರೆಮನೆಯಲ್ಲಿರುವವನು ಆಡುವಾಗ ಮಾತುಗಳನ್ನು ಬರಿದೇ ಬಾಯಿಪಾಠ ಮಾಡಿ ಒಪ್ಪಿಸಲಾದೀತೆ?

ಅಪರಾಧ ಮಾಡಿದವರಿಗೆ ಈ ಮನರಂಜನೆಯೆಲ್ಲ ಏಕೆ, ಅವರಿಂದ ನೊಂದವರ ಗತಿಯೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಾಟಕ ಯಾರ ತಪ್ಪನ್ನೂ ಅಳಿಸುವುದಿಲ್ಲ. ಆದರೆ ಸೆರೆಮನೆ ಸೇರಿದ ಬಹುಪಾಲು ಮಂದಿ ಒಂದು ದಿನ ಊರಿಗೆ ಮರಳುತ್ತಾರೆ. ಅವರು ಹೋದಂತೆಯೇ ಮರಳಬೇಕೆ, ಬದಲಾಗಿ ಮರಳಬೇಕೆ? ತಾಲೀಮಿನಲ್ಲಿ ಹೊತ್ತಿಗೆ ಸರಿಯಾಗಿ ಬರಬೇಕು. ಎದುರಿನವನ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕೇಳಬೇಕು. ಇನ್ನೊಬ್ಬನ ನೋವನ್ನು ತನ್ನ ಬಾಯಿಂದ ಆಡಬೇಕು. ಸಿಟ್ಟು ಬಂದೊಡನೆ ಕೈ ಎತ್ತಿದವನಿಗೆ ಇದಕ್ಕಿಂತ ಕಠಿಣ ಪಾಠ ಇನ್ನೊಂದಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಮಕ್ಕಳನ್ನು ಶಾಲೆಯ ನಾಟಕದಿಂದ ಬಿಡಿಸುವ ಪೋಷಕರು ಇದನ್ನೊಮ್ಮೆ ನೆನೆಯಬಹುದು. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವ ಈ ಪಾಠವನ್ನು ಶಾಲೆಯ ಅಂಗಳದಲ್ಲೇ ಕಲಿತರೆ ಒಳ್ಳೆಯದಲ್ಲವೆ?