ಲೆಕ್ಕದ ಕಡತ ಕಸವೆ?

ಅರಸರ ಶಾಸನವೇ ಚರಿತ್ರೆ, ವರ್ತಕರ ಲೆಕ್ಕಪತ್ರ ಬರಿಯ ಕಸವೆಂಬ ವಾದವು ನಮ್ಮಲ್ಲಿ ಇನ್ನೂ ಇರುವುದಷ್ಟೆ. ಹಾಗಾದರೆ 1132ರ ವೇಳೆಗೆ ಮಂಗಳೂರಿನಲ್ಲಿ ನೆಲಸಿ, ಮೆಣಸು ಅಡಕೆಗಳನ್ನು ಏಡನ್ನಿಗೆ ಕಳುಹುತ್ತಿದ್ದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜುವನ್ನು ಯಾವ ಶಾಸನ ಬಲ್ಲುದು? 1148ರಲ್ಲಿ ನಾರ್ಮನರು ಆಫ್ರಿಕದ ಮಹದಿಯಾ ಪಟ್ಟಣವನ್ನು ಹಿಡಿಯಲು, ಆತನ ಒಡಹುಟ್ಟಿದವರು ಸಿಸಿಲಿ ದ್ವೀಪದ ಯೆಹೂದ್ಯರನ್ನು ಸೇರಿದರು; ಅಲ್ಲಿಂದ ಬಂದ ಸೋದರನ ಮಗನೊಡನೆ 1156ರಲ್ಲಿ ಆತನ ಮಗಳ ವಿವಾಹವಾಯಿತು. ಒಡೆಯನ ವ್ಯವಹಾರಕ್ಕಾಗಿ ಏಡನ್ನಿಗೆ ಹೋಗಿಬಂದ ಸೇವಕ ಬೊಮ್ಮನ ಹೆಸರೂ ಅಳಿದಿಲ್ಲ. ಇದೆಲ್ಲ ಉಳಿದದ್ದು ಕೈರೋವಿನ ಯೆಹೂದ್ಯ ಮಂದಿರದವರು ಹರಿದ ಚೀಟಿಯನ್ನೂ ಸುಡದೆ ಕೂಡಿಟ್ಟುದರಿಂದ. ಆ ಮೆಣಸು ಅಡಕೆಗಳನ್ನೇ ಬೆಳೆಯುವ ಹಿರೇಕೊಡಿಗೆಯ ಸೀಮೆಯವರಾದ ನಾವಾದರೋ ಅಟ್ಟದ ಕಡತಗಳನ್ನು ಒಲೆಗಿಕ್ಕಿ, ನಮಗೆ ಚರಿತ್ರೆಯಿಲ್ಲವೆಂದು ಗೋಳಿಡುವುದು ನ್ಯಾಯವೆ? ವಾಚಕಮಹಾಶಯರು ಮೊದಲು ತಮ್ಮ ಅಟ್ಟವನ್ನು ನೋಡಲಿ.