ಎಂ.ಆರ್.ಐ. ಫಾರ್ಮನ್ನು ಉಮ್ಮನೇ ತುಂಬಲಿ

ಪಿತ್ತಕೋಶದ ಕಲ್ಲು ನಾಳಕ್ಕೆ ಜಾರಿದೆಯೇ ಎಂದು ನೋಡಲು ವೈದ್ಯರು ಎಂ.ಆರ್.ಸಿ.ಪಿ. ಎಂಬ ಸ್ಕ್ಯಾನಿಂಗ್ ಬರೆದುಕೊಟ್ಟರೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳು ಎರಡೇ: ಖರ್ಚೆಷ್ಟು, ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಹೌದು, ಸಾಮಾನ್ಯವಾಗಿ 4ರಿಂದ 6 ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಈ ಚಿತ್ರದಲ್ಲಿ ಪಿತ್ತರಸದಂಥ ದ್ರವ ಬೆಳ್ಳಗೆ ಹೊಳೆಯುತ್ತದೆ, ಕಲ್ಲು ಅದರೊಳಗೆ ಕಪ್ಪಾಗಿ ಕಾಣುತ್ತದೆ. ಹೊಟ್ಟೆಯಲ್ಲಿರುವ ದ್ರವವೂ ಬೆಳ್ಳಗೇ ಹೊಳೆದು ನಾಳವನ್ನು ಮರೆಮಾಡಬಹುದು. ಊಟ ಮಾಡಿದರೆ ಪಿತ್ತಕೋಶ ಕುಗ್ಗಿ ಬರಿದಾಗುತ್ತದೆ. 'ಅರ್ಧ ಲೋಟ ಚಹಾ ತಾನೇ' ಎನ್ನಬೇಡಿ. ಕೆಲವು ಕಡೆ ಸ್ಕ್ಯಾನಿಂಗ್‌ಗೆ ಮೊದಲು ಅನಾನಸ್ ರಸ ಕೊಡುತ್ತಾರೆ. ಅದರಲ್ಲಿರುವ ಮ್ಯಾಂಗನೀಸ್ ಜಠರದ ದ್ರವದ ಹೊಳಪನ್ನು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್, ಮಾತ್ರೆಗಳ ಬಗ್ಗೆ ಮುಂಚೆಯೇ ವೈದ್ಯರಲ್ಲಿ ಕೇಳಿ, ಬೆಳಗಿನ ಸಮಯವನ್ನೇ ಪಡೆದುಕೊಳ್ಳಿ. ರಮಝಾನಿನಲ್ಲಿ ಸ್ಕ್ಯಾನಿಂಗ್ ಬಂದರೆ 'ಹಬ್ಬ ಕಳೆಯಲಿ' ಎಂದು ನೀವೇ ತೀರ್ಮಾನಿಸಬೇಡಿ. ಕಣ್ಣು ಹಳದಿಯಾಗಿ ಚಳಿಜ್ವರವೂ ಇದ್ದರೆ ಅದು ನಾಳದ ಸೋಂಕಾಗಿರಬಹುದು, ಒಂದು ದಿನವೂ ಕಾಯುವಂತಿಲ್ಲ.

ನನ್ನ ತಕರಾರು ಇರುವುದು ಫಾರ್ಮಿನ ವಿಷಯದಲ್ಲಿ. ಹೃದಯಕ್ಕೆ ಪೇಸ್‌ಮೇಕರ್ ಇದೆಯೇ, ಮೆದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದಾರೆಯೇ, ಕಿವಿಯೊಳಗೆ ಯಂತ್ರವಿದೆಯೇ, ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಹೊಕ್ಕಿತ್ತೇ, ಗರ್ಭಿಣಿಯೇ, ಮೂತ್ರಪಿಂಡದ ತೊಂದರೆ ಇದೆಯೇ ಎಂದೆಲ್ಲ ಅದು ಕೇಳುತ್ತದೆ. ಕೌಂಟರಿನಲ್ಲಿ ನಿಂತ ಮಗ ಎಲ್ಲದಕ್ಕೂ 'ಇಲ್ಲ' ಎಂದು ಗೀಟು ಹಾಕಿ ಸಹಿ ಮಾಡುತ್ತಾನೆ. ತಾಯಿಗೆ ಕಾಪರ್-ಟಿ ಇರುವುದು ಅವನಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಸೊಸೆಗೆ ಮುಟ್ಟು ತಡವಾಗಿರುವುದನ್ನು ಮಾವನ ಎದುರು ಅವಳು ಹೇಳುವುದು ಹೇಗೆ? ಅಂಥ ಸಂಗತಿಗಳಲ್ಲಿ ಕೆಲವು ಸ್ಕ್ಯಾನಿಂಗ್‌ಗೆ ಅಡ್ಡಿಯಾಗುವುದಿಲ್ಲ, ಕೆಲವು ಪ್ರಾಣಕ್ಕೆ ಸಂಚಕಾರ. ಯಾವುದು ಯಾವುದೆಂದು ನಿರ್ಧರಿಸಬೇಕಾದವರು ವೈದ್ಯರು. ಓದಲು ಬಾರದಿದ್ದರೆ ನರ್ಸೊಬ್ಬರು ಪಕ್ಕಕ್ಕೆ ಕರೆದು ಅವರ ಮಾತಿನಲ್ಲೇ ಓದಿ ಹೇಳಲಿ. ಅದನ್ನು ಕೇಳಲು ಸಂಕೋಚ ಬೇಡ. ಸಾವಿರಾರು ರೂಪಾಯಿ ಪಡೆಯುವ ಕೇಂದ್ರಗಳು ಕನ್ನಡದಲ್ಲಿ ಒಂದು ಫಾರ್ಮು ಅಚ್ಚು ಹಾಕಿಸಿದರೆ ನಷ್ಟವೇನೂ ಆಗದು.

ಇನ್ನು ಪಿನ್ನುಗಳು. ಶಿರವಸ್ತ್ರದ ಮಡಿಕೆಯಲ್ಲಿ, ಬುರ್ಖಾದ ಒಳಗೆ, ಕೂದಲಿನಲ್ಲಿ ಎಷ್ಟಿವೆಯೆಂದು ಚುಚ್ಚಿಕೊಂಡವರಿಗೇ ನೆನಪಿರುವುದಿಲ್ಲ. ಪಿನ್ನಿಲ್ಲದೆ ಕಟ್ಟುವ ಹತ್ತಿಯ ವಸ್ತ್ರವೊಂದನ್ನು ಮನೆಯಿಂದಲೇ ಒಯ್ಯಿರಿ, ತಲೆ ಮುಚ್ಚಿಕೊಳ್ಳಲು ತೊಡಕಾಗದು. ಲೋಹದ ತಾಯಿತ, ಸೊಂಟದ ದಾರದ ಗುಂಡು, ತೆಗೆಯಬಹುದಾದ ಹಲ್ಲಿನ ಸೆಟ್ಟು ಹೊರಗೇ ಇರಲಿ. ಜೊತೆಗೆ ಬಂದವರಿಗೂ ಇದೇ ನಿಯಮ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಎಂ.ಆರ್.ಐ. ಕೊಠಡಿಗೆ ಹೋದ ರೋಗಿಯ ಬಂಧುವೊಬ್ಬರು ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ತೀರಿಕೊಂಡರು. ಆ ಅಯಸ್ಕಾಂತ, ಚಿತ್ರ ತೆಗೆಯದಿರುವಾಗಲೂ, ಸೆಳೆಯುತ್ತಲೇ ಇರುತ್ತದೆ.

ಒಳಗೆ ಅರ್ಧ ಗಂಟೆಯಷ್ಟು ಹೊತ್ತು ದೊಡ್ಡ ಸದ್ದು. ನಡುನಡುವೆ 15-20 ಸೆಕೆಂಡು ಉಸಿರು ಬಿಗಿಹಿಡಿಯಲು ಹೇಳುತ್ತಾರೆ. ಹಿಂದಿನ ದಿನ ಮನೆಯಲ್ಲಿ ಮಲಗಿ ನಾಲ್ಕು ಸಲ ಅಭ್ಯಾಸ ಮಾಡಿ. ಆ ಸೂಚನೆ ಯಾವ ಭಾಷೆಯಲ್ಲಿ ಬರುತ್ತದೆಂದು ಒಳಗೆ ಹೋಗುವ ಮೊದಲೇ ಕೇಳಿಕೊಳ್ಳಿ.