ಲಸಿಕೆಗೆ ಐಸ್ ಡಬ್ಬಿ, ಇನ್ಸುಲಿನ್‌ಗೆ ಪ್ಲಾಸ್ಟಿಕ್ ಕವರ್

ಲಸಿಕೆ ಹಾಕುವ ದಿನ ಅಂಗನವಾಡಿಗೆ ಐಸ್ ಪ್ಯಾಕ್ ತುಂಬಿದ ಡಬ್ಬಿ ಬರುತ್ತದೆ. ಆಸ್ಪತ್ರೆಯಲ್ಲಿ ಲಸಿಕೆಗೆಂದೇ ಬೇರೆ ಫ್ರಿಜ್. ಅದರೊಳಗೆ 2ರಿಂದ 8 ಡಿಗ್ರಿ ಇದೆಯೇ ಎಂದು ದಿನಕ್ಕೆ ಎರಡು ಸಲ ನೋಡಿ ಬರೆದಿಡಬೇಕು. ಒಳ್ಳೆಯ ವ್ಯವಸ್ಥೆ, ನಮ್ಮ ತಕರಾರಿಲ್ಲ. ಆದರೆ ಅಷ್ಟೇ ತಂಪು ಬೇಕಾದ ಇನ್ಸುಲಿನ್ ಮಾತ್ರ ತಾಲ್ಲೂಕಿನ ಮೆಡಿಕಲ್ ಶಾಪಿನಿಂದ ಪ್ಲಾಸ್ಟಿಕ್ ಕವರಿನಲ್ಲಿ, ಕೈಚೀಲದ ತರಕಾರಿ ಜೊತೆ, ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಬರುತ್ತದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಇನ್ಸುಲಿನ್ ಒಂದು ಪೆಪ್ಟೈಡ್. 51 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಎರಡು ಸರಗಳು, ಒಂದಕ್ಕೊಂದು ಬೆಸೆದು ಮಡಚಿಕೊಂಡಿವೆ. ಕಾವು ತಾಗಿದರೆ ಆ ಮಡಿಕೆ ಬಿಚ್ಚುತ್ತದೆ, ಔಷಧ ಸೋಲುತ್ತದೆ. ಪ್ರಯೋಗಾಲಯದವರು ಒಣಪುಡಿಯ ಪೆಪ್ಟೈಡನ್ನು ತೇವ ತಾಗದಂತೆ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ಹಾಗಂತ ಮನೆಯ ಇನ್ಸುಲಿನ್ ಬಾಟಲಿಯನ್ನು ಫ್ರೀಜರಿಗೆ ಹಾಕಬೇಡಿ. ಅದು ದ್ರವ, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ಐಸ್‌ಗೆ ನೇರ ತಾಗಿಸಿ ತರುವುದೂ ಬೇಡ, ನಡುವೆ ಬಟ್ಟೆ ಇರಲಿ.

ನಮಗೆ ನಿಜವಾದ ಭಯ ಬೇರೆಯೇ. ಕೆಟ್ಟ ಹಾಲು ಒಡೆದು ತೋರಿಸುತ್ತದೆ. ಇನ್ಸುಲಿನ್ ಹಾಗಲ್ಲ, ನೋಡಲು ಚೆನ್ನಾಗಿದ್ದೇ ಶಕ್ತಿ ಕಳೆದುಕೊಂಡಿರಬಹುದು. ಆಗ ಶುಗರ್ ಏರುತ್ತದೆ. "ಬಾಯಿ ಕಟ್ಟಿಲ್ಲ" ಎಂದು ಮನೆಯವರು ಅಜ್ಜಿಯನ್ನು ಬೈಯುತ್ತಾರೆ, ಡಾಕ್ಟರು ಡೋಸ್ ಹೆಚ್ಚಿಸುತ್ತಾರೆ. ಮುಂದೆ ಹೊಸ, ಚೆನ್ನಾಗಿರುವ ಬಾಟಲಿ ಬಂದಾಗ ಅದೇ ಹೆಚ್ಚಿನ ಡೋಸಿಗೆ ಶುಗರ್ ಕುಸಿದು, ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಬೈಗುಳ ತಿಂದವರದು ಇಲ್ಲಿ ತಪ್ಪೇ ಇರಲಿಲ್ಲ.

ಫ್ರಿಜ್ ಇಲ್ಲದ ಮನೆಗೆ ಮಣ್ಣಿನ ಗಡಿಗೆ ಸಾಕಷ್ಟು ಆಸರೆ. ದೊಡ್ಡ ಗಡಿಗೆಯೊಳಗೆ ಸಣ್ಣದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳು ಮತ್ತು ಗಾಳಿ ಇರುವಲ್ಲಿ ಇಡಿ. ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಒಳಗಿಡಿ, ಮೇಲೊಂದು ಒದ್ದೆ ಬಟ್ಟೆ ಮುಚ್ಚಿ. ನೀರು ಆವಿಯಾಗುವಾಗ ಕಾವು ಎಳೆದುಕೊಂಡು ಹೋಗುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಕರಾವಳಿಯ ಸೆಕೆಯಲ್ಲಿ ಅಷ್ಟಾಗಿ ಇಲ್ಲ. ಬಳಸಲು ಶುರು ಮಾಡಿದ ಬಾಟಲಿ ಸಾಮಾನ್ಯವಾಗಿ 4 ವಾರದ್ದು. ತೆರೆದ ತಾರೀಖನ್ನು ಅದರ ಮೇಲೆಯೇ ಬರೆಯಿರಿ. ಅನುಮಾನ ಬಂತೆಂದು ಇಂಜೆಕ್ಷನ್ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ ಹೊಸದು ತನ್ನಿ.

ಗಡಿಗೆ ಒಂದು ಬಾಟಲಿ ಕಾಯಬಹುದು. ಮೂರು ತಿಂಗಳ ದಾಸ್ತಾನು ಕಾಯುವುದು ಅದರ ಕೆಲಸವಲ್ಲ. ಲಸಿಕೆಯ ಫ್ರಿಜ್‌ನಲ್ಲಿ ಬೇರೆ ಔಷಧ ಇಡುವಂತಿಲ್ಲ. ಆ ನಿಯಮ ಸರಿಯಾಗಿಯೇ ಇದೆ, ಅದನ್ನು ಮುರಿಯಿರಿ ಎಂದು ನಾವು ಕೇಳುತ್ತಿಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇನ್ಸುಲಿನ್‌ಗೆಂದು ಇನ್ನೊಂದು ಸಣ್ಣ ಫ್ರಿಜ್ ಇರಲಿ. ಬಾಟಲಿಗಳ ಮೇಲೆ ಹೆಸರು ಬರೆದು ಅಲ್ಲೇ ಇಡಲಿ, ಬೇಕಾದಾಗ ಒಂದೊಂದೇ ಒಯ್ಯೋಣ. ಮುಂದಿನ ಗ್ರಾಮಸಭೆಗೆ ಹೋಗುವವರು ಇದನ್ನು ಕೇಳಿ. ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರೆಯೇ ಎಂದು ನೋಡಿಯೇ ಎದ್ದು ಬನ್ನಿ.